ಮೂರು ನಿಮಿಷ ತಡ

ಸೈರನ್ ಕೂಗಿತು. ಆರ್.ಟಿ. ನಗರದ ಆ ಸಣ್ಣ ಮಸೀದಿಯ ಅಂಗಳದಲ್ಲಿ ದಿನದ ಉಪವಾಸ ಮುಗಿಸಿ ರೋಜಾ ಬಿಡಲು ಕೂತ ಎಲ್ಲರ ಕೈಯೂ ಖರ್ಜೂರಕ್ಕೆ ಹೋಯಿತು. ಒಂದು ಕೈ ಮಾತ್ರ ಅಲ್ಲಾಡಲಿಲ್ಲ. ಅದು ಸೈರನ್ ನೋಡಿಕೊಳ್ಳುವ ಮುದುಕ ಗಯಾಸ್‌ನದು.

ಕಮಿಟಿಯ ಕಾರ್ಯದರ್ಶಿ ನಾಸಿರ್ ನಾಲ್ಕು ದಿನದಿಂದ ಇದನ್ನೇ ನೋಡುತ್ತಿದ್ದ. ಅವನೊಬ್ಬನೇ ನೋಡಿದ್ದರೆ ಹೋಗಲಿ ಅನ್ನಬಹುದಿತ್ತು. ಇಡೀ ಮೊಹಲ್ಲಾ ನೋಡಿ, ಗುಸುಗುಸು ಶುರುವಾಗಿತ್ತು. ಗಡಿಯಾರ ಇಟ್ಟವನಿಗೇ ಗಡಿಯಾರದ ಮೇಲೆ ನಂಬಿಕೆ ಇಲ್ಲವೆಂದರೆ?

ಅನುಮಾನ ಸುಮ್ಮನೆ ಬಂದದ್ದಲ್ಲ. ಹೋದ ರಂಜಾನಿನ ಒಂದು ಸಂಜೆ ಸೈರನ್ನಿನ ಹಳೇ ಕಂಪ್ಯೂಟರ್ ಮೂರು ನಿಮಿಷ ಮುಂದೆ ಓಡಿ, ಹೊತ್ತು ಮುಳುಗುವ ಮೊದಲೇ ಎಲ್ಲರ ರೋಜಾ ಮುರಿದಿತ್ತು. ಹಬ್ಬ ಕಳೆದ ಮೇಲೆ ಎಲ್ಲರೂ ಅದರ ಬದಲಿಗೆ ಇನ್ನೊಂದು ರೋಜಾ ಇಟ್ಟು ತೀರಿಸಿದರು. ಆಮೇಲೆ ಗಯಾಸ್, ಯಾರೂ ಹೇಳದೆಯೇ, ಮಾಳಿಗೆಯ ಮೇಲೊಂದು ಜಿಪಿಎಸ್ ರಿಸೀವರ್ ಕೂರಿಸಿದ. ಉಪಗ್ರಹದ ಸಮಯ ವೈರಿನಲ್ಲಿಳಿದು ಕಂಪ್ಯೂಟರನ್ನು ತಿದ್ದುತ್ತದೆ, ಇನ್ನು ಒಂದು ಸೆಕೆಂಡೂ ಆಚೀಚೆ ಆಗುವುದಿಲ್ಲ ಎಂದಿದ್ದ.

ಐದನೇ ದಿನ ನಾಸಿರ್ ಸೈರನ್ ಕೋಣೆಗೇ ಹೋಗಿ ನಿಂತ. ಪರದೆಯಲ್ಲಿ ಆರು ಮೂವತ್ತೆರಡು. ಅವನ ಮೊಬೈಲಿನಲ್ಲೂ ಅಷ್ಟೇ. ಸೈರನ್ ಕೂಗಿತು. ಗಯಾಸ್‌ನ ತಟ್ಟೆಯಲ್ಲಿ ಎರಡು ಖರ್ಜೂರ ಇದ್ದವು. ಅವನು ಮುಟ್ಟಲಿಲ್ಲ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಚಾಚಾ, ಟೈಮ್ ಕರೆಕ್ಟಾಗೇ ಇದೆಯಲ್ಲ. ಮತ್ತೆ ಯಾಕೆ ಹಿಂಗ್ ಮಾಡ್ತೀರ? ನಾಳೆ ಕಮಿಟಿಯೋರು ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ತೆಗೀಲಿ ಬೇಟಾ. ಮೂರು ನಿಮಿಷ ತಡ್ಕೋ."

ನಾಸಿರನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹದಿನೆಂಟು ವರ್ಷ ಈ ಮುದುಕನ ಸೈರನ್ ಕೇಳಿಯೇ ಅವನು ರೋಜಾ ಬಿಟ್ಟವನು. ಪರದೆಯಲ್ಲಿ ಆರು ಮೂವತ್ತೈದಾಯಿತು. ಗಯಾಸ್ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ತಟ್ಟೆಯಲ್ಲೇ ಬಿಟ್ಟ.

"ಹೋದ ವರ್ಷದ್ದೇ ಇನ್ನೂ ತಲೇಲಿ ಇಟ್ಕೊಂಡಿದ್ದೀರಾ? ಆ ರೋಜಾ ನಾವೆಲ್ಲ ತೀರಿಸಿದ್ವಲ್ಲ. ನೀವೂ ತೀರಿಸಿದ್ರಿ."

"ಹೌದು, ಎಲ್ರದ್ದೂ ತೀರ್ತು," ಎಂದ ಗಯಾಸ್, ಉಳಿದ ಖರ್ಜೂರವನ್ನೇ ನೋಡುತ್ತಾ. "ನಿನ್ನ ಚಾಚಿ ಹಬ್ಬಕ್ಕೆ ಮೊದ್ಲೇ ಹೋಗ್ಬಿಟ್ಳಲ್ಲ, ಅವಳದ್ದು ಯಾರು ತೀರಿಸ್ತಾರೆ?"