ಮಿಕ್ಕೋಸನನ್ನು ಮೆಟ್ಟಿಕೊಂಡ ನಿಂಫೆ

“ನಾಳೆ ಬುಗ್ಗೆ ಹತ್ರ ನಾನೂ ಬರ್ತೀನಿ. ನಿಮ್ಮನ್ನ ಮೆಟ್ಕೊಳ್ಳೋ ಆ ನಿಂಫೆ ಎಷ್ಟು ಚೆಂದ ಇದಾಳೆ ಅಂತ ನಾನೂ ನೋಡ್ಬೇಡ್ವಾ?” ಎಂದಳು ಫಿಲ್ಲಿಸ್.

ಗಂಡ ಮಿಕ್ಕೋಸನಿಗೆ ರೊಟ್ಟಿ ಗಂಟಲಲ್ಲೇ ಸಿಕ್ಕಿಕೊಂಡಿತು.

ಅರ್ಕೇಡಿಯದ ಬೆಟ್ಟಗಳಲ್ಲಿ ಬುಗ್ಗೆಬುಗ್ಗೆಗೂ ಒಬ್ಬಳು ನಿಂಫೆ, ಅಂದರೆ ಜಲದೇವತೆ, ಒಡತಿ. ಉರಿಮಧ್ಯಾಹ್ನ ಅತ್ತ ಸುಳಿದ ಗಂಡಸನ್ನು ಅವಳು ಮೆಟ್ಟಿಕೊಂಡರೆ ಅವನು ದಿನಗಟ್ಟಲೆ ಮೈಮರೆತು ಅಲೆಯುತ್ತಾನೆ. ಅಂಥವನಿಗೆ ಕೆಲಸ ಹೇಳುವ ಧೈರ್ಯ ಯಾರಿಗೂ ಇಲ್ಲ. ಮಿಕ್ಕೋಸನಿಗೆ ಈ ಗ್ರಹಚಾರ ಸರಿಯಾಗಿ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ವಕ್ಕರಿಸುತ್ತಿತ್ತು. ಆಗೆಲ್ಲ ಅವನು ಪಕ್ಕದೂರಿನ ಹೆಂಡದಂಗಡಿಯಲ್ಲಿ ಹಾಯಾಗಿರುತ್ತಿದ್ದ. ಗುಟ್ಟು ರಟ್ಟಾದರೆ ಫಿಲ್ಲಿಸಳ ಅಣ್ಣಂದಿರು ಅವನ ಮೂಳೆ ಮುರಿಯುವುದು ಖಂಡಿತ.

ಸಂಜೆಯೇ ಹೆಂಡದಂಗಡಿಗೆ ಓಡಿ, ಅಲ್ಲಿ ಕೊಳಲು ನುಡಿಸುವ ಸಿಮಾಳ ಕೈಕಾಲು ಹಿಡಿದ.

“ಕೂದ್ಲು ಒದ್ದೆ ಮಾಡ್ಕೊಂಡು, ಹೂ ಮುಡ್ಕೊಂಡು ಬಂದ್ಬಿಡು ತಾಯಿ. ‘ಇವನು ನನ್ನೋನು’ ಅನ್ನು, ಸಾಕು. ಒಂದು ಉಂಡೆ ಚೀಸ್ ಕೊಡ್ತೀನಿ.”

“ಬರ್ತೀನಿ ಬಿಡಣ್ಣ,” ಎಂದಳು ಸಿಮಾ.

ಮರುದಿನ ಫಿಲ್ಲಿಸ್ ಬುಗ್ಗೆಯ ಮುಂದೆ ಹಾಲು, ಜೇನು ಇಟ್ಟು ಕೈಮುಗಿದಳು. ನೀರು ಅಲುಗಿತು. ಮುಖದ ತುಂಬ ಒದ್ದೆ ಕೂದಲು ಇಳಿಬಿಟ್ಟುಕೊಂಡು ಹೆಣ್ಣೊಬ್ಬಳು ಎದ್ದು ನಿಂತಳು. ಕೊಡುವ ಚೀಸಿಗೆ ಮೋಸವಿಲ್ಲ ಎಂದು ಮಿಕ್ಕೋಸ್ ಒಳಗೊಳಗೇ ಹಿಗ್ಗಿದ.

“ಇವನು ನನ್ನೋನು,” ಎಂದಳು ಅವಳು. “ಅದಕ್ಕೇ ಹೇಳ್ತೀನಿ. ಇನ್ಮೇಲೆ ಇವನು ಹೆಂಡ ಮುಟ್ಟಂಗಿಲ್ಲ. ನೀರು ಹೊರೋದು, ಹಿಟ್ಟು ಬೀಸೋದು ಎಲ್ಲ ಇವನೇ. ತಪ್ಪಿದ್ರೆ ನಿಜವಾಗ್ಲೂ ಮೆಟ್ಕೋತೀನಿ.”

ಮಿಕ್ಕೋಸನ ಮುಖ ಸಪ್ಪಗಾಯಿತು. ಮಾತಾಗಿದ್ದು ಇದಲ್ಲ! ಓರೆಗಣ್ಣಲ್ಲಿ ನೋಡಿದರೆ ಹೆಂಡತಿ ಸೆರಗಿನ ಮರೆಯಲ್ಲಿ ನಗುತ್ತಿದ್ದಾಳೆ. ಇವಳೇ ಇನ್ನೂ ದೊಡ್ಡ ಚೀಸಿನ ಉಂಡೆ ಕೊಟ್ಟು ಸಿಮಾಳನ್ನು ತನ್ನ ಕಡೆ ಎಳೆದುಕೊಂಡಿದ್ದಾಳೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ನೀರಿನವಳು ಜೇನಿಗೆ ಬೆರಳದ್ದಿ ನೆಕ್ಕಿ ಮುಖ ಹಿಂಡಿದಳು.

“ನಿಂದೇನು ಕಮ್ಮಿಯೇನೇ ಫಿಲ್ಲಿಸ್? ಮದುವೆಯಾಗಿ ಬಂದಾಗಿಂದ ನಂಗೆ ನೀರು ಬೆರೆಸಿದ ಜೇನೇ ಇಡ್ತಿದೀಯ. ಈ ವರ್ಷ ನಿನ್ನ ಗೂಡಿನ ಜೇನೆಲ್ಲ ನಂದು.”

ಫಿಲ್ಲಿಸಳ ನಗು ಅಲ್ಲಿಗೇ ನಿಂತಿತು. ಹೆಣ್ಣು ಮುಳುಗಿ ಮಾಯವಾದಳು.

ಗಂಡಹೆಂಡಿರು ಮುಖ ಊದಿಸಿಕೊಂಡು ಊರ ದಾರಿ ಹಿಡಿದರು.

“ಗೆದ್ದೆ ಅಂತ ಬೀಗ್ಬೇಡ. ನಿನ್ನ ಆಟ ನಂಗೆ ಗೊತ್ತಾಯ್ತು,” ಎಂದ ಮಿಕ್ಕೋಸ್.

“ಜೇನಿನ ಮಾತು ನೀವೇ ತಾನೆ ಅವಳಿಗೆ ಹೇಳ್ಕೊಟ್ಟಿದ್ದು?” ಎಂದು ಅವಳು ಸಿಡುಕಿದಳು.

“ನೀನು ಜೇನಿಗೆ ನೀರು ಬೆರೆಸ್ತಿದ್ದೆ ಅಂತ ನಂಗೇನೇ ಗೊತ್ತು?”

ಅಷ್ಟರಲ್ಲಿ ತಿರುವಿನಲ್ಲಿ ಕುಂಟುವ ಕತ್ತೆಯೊಂದು ಎದುರಾಯಿತು. ಅದರ ಮೇಲೆ ತಲೆ ತುಂಬ ಹೂ ಮುಡಿದ ಇಬ್ಬರು ಹೆಂಗಸರು ಬೆವರೊರೆಸಿಕೊಳ್ಳುತ್ತ ಕೂತಿದ್ದರು.

“ಅಯ್ಯೋ, ತಡವಾಯ್ತು ಅಣ್ಣಾ!” ಎಂದಳು ಮುಂದೆ ಕೂತ ಸಿಮಾ.

“ನಂಗೂ ತಡವಾಯ್ತು, ಫಿಲ್ಲಿಸಕ್ಕಾ,” ಎಂದಳು ಹಿಂದೆ ಕೂತ, ಫಿಲ್ಲಿಸಳ ಚಿಕ್ಕಪ್ಪನ ಮಗಳು. “ನಾಳೆ ಬಂದು ನಿಂಫೆ ಆಗ್ಲಾ?”