ಮೇಷ್ಟ್ರ ಮಿದುಳಿನಲ್ಲಿ ಹಸಿರು

ಸೂಕ್ಷ್ಮದರ್ಶಕದಲ್ಲಿ ಹಸಿರು ಹೊಳೆದದ್ದನ್ನು ಕಂಡು ಸಂಶೋಧಕಿ ಕೂತಲ್ಲಿಂದ ಎದ್ದೇ ನಿಂತಳು. ಆ ಬಣ್ಣ ಹಿಡಿಯುವುದು ಹೊಸದಾಗಿ ಹುಟ್ಟಿದ ನರಕೋಶಕ್ಕೆ ಮಾತ್ರ. ಗಾಜಿನ ಮೇಲಿದ್ದದ್ದೋ, ಎಂಬತ್ತು ದಾಟಿ ತೀರಿಕೊಂಡ ಅವಳ ಮೇಷ್ಟ್ರ ಮಿದುಳಿನ ತೆಳು ಪದರ. ಮುದಿ ಮಿದುಳಿನಲ್ಲಿ ಹೊಸ ಕೋಶ ಹುಟ್ಟುವುದೇ ಇಲ್ಲವೆಂದು ಕೊನೆಯವರೆಗೂ ಅವಳೊಂದಿಗೆ ಜಗಳ ಕಾದವರು ಅವರು. "ನನ್ನದನ್ನೇ ಸೀಳಿ ನೋಡು, ಆಗ್ಲಾದ್ರೂ ಬಾಯಿ ಮುಚ್ತೀಯ" ಎಂದು ಮಿದುಳನ್ನೇ ದಾನ ಮಾಡಿ ಹೋಗಿದ್ದರು.

ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಪಕ್ಕದಲ್ಲೇ ಇನ್ನೊಂದು; ಅದರಾಚೆ, ಎಳೆ ಬಾಲ ಚಾಚಿಕೊಂಡು ಮತ್ತೊಂದು! ಬಣ್ಣ ಹಾಕಿದ್ದ ತಂತ್ರಜ್ಞೆಯನ್ನು ಕೂಗಿ ಕರೆದಳು. ಆಕೆ ಇಣುಕಿ ನೋಡಿ, "ಬಣ್ಣ ಚೆಲ್ಲಿದ ಕಲೆ ಅಲ್ಲ ಮೇಡಂ, ಕೋಶಾನೇ!" ಎಂದು ಕುಣಿದೇಬಿಟ್ಟಳು.

ಸಂಶೋಧಕಿ ಕೂಡಲೇ ಫೋನು ಮಾಡಿದ್ದು ಮೇಷ್ಟ್ರ ಮನೆಗೆ. "ಅಮ್ಮಾ, ಮೇಷ್ಟ್ರು ಸೋತ್ರು! ಅವರ ತಲೇಲಿ ಹೊಸ ಕೋಶ ಹುಟ್ಟಿದೆ!" ಎನ್ನುವಾಗ ತಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವಳಿಗೇ ತಿಳಿಯಲಿಲ್ಲ.

ಆ ಕಡೆಯಿಂದ ಮೇಷ್ಟ್ರ ಹೆಂಡತಿ ಗಟ್ಟಿಯಾಗಿ ನಕ್ಕುಬಿಟ್ಟರು. "ಇಷ್ಟು ವರ್ಷ ಸಂಸಾರ ಮಾಡಿದೀನಿ, ಆ ಮನುಷ್ಯ ಸೋತಿದ್ದನ್ನ ಒಂದ್ಸಲಾನೂ ನೋಡಿಲ್ಲ ಕಣೇ. ಈಗ್ಲೇ ಹೊರಟೆ. ಅದನ್ನ ಹಾಗೇ ಇಟ್ಟಿರು, ತೆಗೀಬೇಡ!"