ಅವ್ವ ಹಾಕಿದ ಗಂಟು

ತಂತಿ ಹರಿದಾಗ ವನಜಾಕ್ಷಿಯ ಹೆಸರನ್ನು ಮೈಕಿನಲ್ಲಿ ಕೂಗಿಯಾಗಿತ್ತು. ಪುಟ್ಟ ಗಿಟಾರಿನಂಥ ಅವಳ ಯುಕುಲೆಲೆಗೆ ಇರುವುದೇ ನಾಲ್ಕು ತಂತಿ. ಹೊಸದು ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ಚಳ್ಳಕೆರೆಯಲ್ಲಿ ಅದು ಅವಳ ಮೊದಲ ಕಾರ್ಯಕ್ರಮ. ಮಕ್ಕಳನ್ನು ಅವಳ ಸಂಗೀತ ಪಾಠಕ್ಕೆ ಸೇರಿಸಬೇಕೋ ಬೇಡವೋ ಎಂದು ನೋಡಲು ಬಂದವರೇ ಸಭೆಯ ತುಂಬ.

“ತಾ ಇಲ್ಲಿ,” ಎಂದಳು ವೇದಿಕೆಯ ಪಕ್ಕದಲ್ಲಿದ್ದ ಅವ್ವ ಯರ್ರಮ್ಮ, ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವಳು. “ಎಳೆ ಹರಿದ್ರೆ ಸೀರೆ ಬಿಸಾಕ್ತಾರೇನೆ?”

“ಇದು ನೈಲಾನ್ ಅವ್ವ, ಜಾರ್ತೈತೆ.”

“ಇನ್ನೊಂದ್ ಸುತ್ತು ಹಾಕ್ತೀನಿ, ಸುಮ್ನಿರು.”

ತಂತಿ ಬಿಗಿಯುವ ಬಿರಡೆಯ ಬಳಿ ಹರಿದಿದ್ದ ಎರಡೂ ತುದಿಗೆ ಎಂಜಲು ಹಚ್ಚಿ ಗಂಟು ಹಾಕಿದಳು. ಬೆರಳಲ್ಲಿ ಒತ್ತಿ ಹಿಡಿದು, ಬಿಗಿಯಾದ ಮೇಲೆ ಕೊಟ್ಟಳು.

ವನಜಾಕ್ಷಿ ಶ್ರುತಿ ಮಾಡಿಕೊಂಡು ವೇದಿಕೆ ಹತ್ತಿ, ಹೆದರಿ ಹೆದರಿ ಮೀಟಿದಳು. ಹಳೆಯ ಜಾಝ್‌ನ ಓಲಾಡುವ ನಡೆಯಲ್ಲಿ ಸೋಬಾನೆ ಪದ ಶುರುವಾಯಿತು. ಎರಡನೇ ನುಡಿಗೆ ಅವಳಿಗೆ ಗಂಟು ಮರೆತೇಹೋಯಿತು. ಕೊನೆಗೆ ನಾಲ್ಕೂ ತಂತಿಯ ಮೇಲೆ ಜೋರಾಗಿ ಕೈ ಬೀಸಿದಳು. ಸಭೆಯೆಲ್ಲ ಚಪ್ಪಾಳೆ.

ಅವ್ವ ಮಾತ್ರ ತಟ್ಟಲಿಲ್ಲ. ಅವಳ ಹೆಬ್ಬೆರಳು, ತೋರುಬೆರಳು ಇನ್ನೂ ಗಂಟು ಹಿಡಿದಂತೆಯೇ ಒತ್ತಿಕೊಂಡಿದ್ದವು. ಮಗಳು ತಿರುಗಿ ನೋಡಿ ನಕ್ಕಾಗ ಅವ್ವ ಬೆರಳು ಮೆಲ್ಲಗೆ ಸಡಿಲಿಸಿದಳು.